ಕಳಿಸಿದ್ದು, ಬಂದದ್ದು: ಹಾಸನದಲ್ಲಿ ನಮ್ಮ ತಿಂಗಳ ಕೂಟ

ಕತೆ, ಕವಿತೆ ಬರೆಯುವವರ ನಮ್ಮ ಕೂಟಕ್ಕೆ ಹೆಸರಿಲ್ಲ. ಬೋರ್ಡಿಲ್ಲ, ಅಧ್ಯಕ್ಷರಿಲ್ಲ, ರಬ್ಬರ್ ಸ್ಟಾಂಪೂ ಇಲ್ಲ. ಇರುವುದು ಒಂದು ಉದ್ದನೆಯ ಖಾತೆ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಒಳಗೆ ನೀಲಿ ಗೆರೆ. ಕಿರಾಣಿ ಅಂಗಡಿಯಲ್ಲಿ ಸಾಲ ಬರೆದಿಡುತ್ತಾರಲ್ಲ, ಅಂಥದ್ದು. ಪ್ರತಿ ಪುಟದಲ್ಲೂ ಐದು ಕಲಂ: ಯಾರು, ಏನು, ಎಲ್ಲಿಗೆ, ಕಳಿಸಿದ್ದು ಯಾವಾಗ, ಏನು ಬಂತು. ನಾನು ಬ್ಯಾಂಕಿನಲ್ಲಿ ಗುಮಾಸ್ತ. ಕತೆ ಬರೆಯೋದು ಆಮೇಲೆ ಕಲಿತೆ, ಕಲಂ ಎಳೆಯೋದು ಮೊದಲು.

ಈಚೆಗೆ ಅಕ್ಕಪಕ್ಕದ ತಾಲ್ಲೂಕುಗಳಿಂದ ಬರೆಯುವ ಹುಡುಗರು ಬಂದು ಕೇಳುತ್ತಾರೆ. ನೀವು ಹೇಗೆ ಮಾಡಿದ್ರಿ, ಪುಸ್ತಕ ಹೇಗೆ ತಂದ್ರಿ, ದುಡ್ಡು ಎಲ್ಲಿಂದ ಬಂತು, ಜಗಳ ಆಗಲಿಲ್ವಾ ಅಂತ. ಒಬ್ಬೊಬ್ಬರಿಗೂ ಕೂತು ಹೇಳೋ ಬದಲು ಒಂದು ಸಲ ಬರೆದುಬಿಡೋಣ ಅನ್ನಿಸಿತು. ಜಗಳ ಆಯ್ತು. ಅದನ್ನೂ ಬರೆಯುತ್ತೇನೆ.

ಹಾಸನ ಜಿಲ್ಲೆಯಲ್ಲಿ ಬರೆಯುವವರಿಗೆ ಒಂದು ಕಷ್ಟವಿದೆ. ದೊಡ್ಡವರು ಜಾಸ್ತಿ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಲ್ಲಿಯವರು. ಎಸ್.ಎಲ್. ಭೈರಪ್ಪನವರ ಸಂತೇಶಿವರ ಇಲ್ಲೇ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಬಾನು ಮುಷ್ತಾಕ್ ಅವರು ಹಾಸನದಲ್ಲೇ ವಕೀಲಿಕೆ ಮಾಡಿಕೊಂಡು ಕತೆ ಬರೆದವರು. ಹೀಗಾಗಿ ಮದುವೆ ಮನೆಯಲ್ಲಿ ಯಾರಿಗಾದರೂ 'ಇವ ಬರೀತಾನೆ' ಅಂತ ಪರಿಚಯಿಸಿದರೆ ಸಾಕು, 'ಹೌದಾ, ಭೈರಪ್ಪನವರ ಥರ ದಪ್ಪ ದಪ್ಪ ಬರೀತೀರಾ?' ಅನ್ನುತ್ತಾರೆ. ನಾನು ಬರೆಯುವುದು ಸಣ್ಣ ಕತೆ. ಏನು ಹೇಳಲಿ?

ಶುರುವಾದದ್ದು 2016ರ ಜುಲೈ 10ರಂದು. ಎರಡನೇ ಭಾನುವಾರ. ನಿವೃತ್ತ ಕನ್ನಡ ಶಿಕ್ಷಕಿಯೊಬ್ಬರ ಮನೆಯ ಮಹಡಿ. ಮೇಲೆ ಶೀಟು, ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಬಂದವರು ಏಳು ಜನ. ಅರಸೀಕೆರೆಯಿಂದ ಒಬ್ಬ ಮೇಷ್ಟ್ರು, ಅಂಚೆ ಕಚೇರಿಯ ಗೆಳೆಯ, ಟೈಲರ್ ಅಂಗಡಿ ಇಟ್ಟುಕೊಂಡು ಕವಿತೆ ಬರೆಯುವ ಒಬ್ಬರು, ಇಬ್ಬರು ಕಾಲೇಜು ಹುಡುಗರು, ಮೇಡಂ, ನಾನು. ಅವತ್ತಿನಿಂದ ಇವತ್ತಿನವರೆಗೂ ಎರಡನೇ ಭಾನುವಾರ, ಮಧ್ಯಾಹ್ನ ಮೂರಕ್ಕೆ. ದಿನ ಬದಲಾಯಿಸಬಾರದು. ಇದನ್ನು ಮಾತ್ರ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. 'ಎಲ್ಲರಿಗೂ ಅನುಕೂಲವಾದ ದಿನ' ಹುಡುಕಲು ಹೋದ ಎರಡು ಕೂಟಗಳು ನನ್ನ ಕಣ್ಣೆದುರೇ ನಿಂತುಹೋದವು. ಮೂರೇ ಜನ ಬಂದರೂ ಸರಿ, ಎರಡನೇ ಭಾನುವಾರ ಅಂದರೆ ಎರಡನೇ ಭಾನುವಾರ.

ಮೊದಲ ವರ್ಷ ಪೂರ್ತಿ ದಂಡ. ಸಂತೋಷವಾಗಿತ್ತು, ಅದು ಬೇರೆ ಮಾತು. ಒಬ್ಬರು ತಮ್ಮ ಕತೆ ಓದುವುದು, ಉಳಿದವರು 'ತುಂಬಾ ಚೆನ್ನಾಗಿದೆ ಸಾರ್, ಕೊನೇಲಿ ಕಣ್ಣಲ್ಲಿ ನೀರು ಬಂತು' ಅನ್ನುವುದು, ಕಾಫಿ ಕುಡಿದು ಎದ್ದು ಹೋಗುವುದು. ಹನ್ನೊಂದು ತಿಂಗಳು ಹೀಗೇ ನಡೆಯಿತು. ಆಮೇಲೊಂದು ದಿನ ಮೇಡಂ ಕಾಫಿ ಲೋಟ ಕೆಳಗಿಟ್ಟು, 'ಚಪ್ಪಾಳೆ ತಟ್ಟಿ ತಟ್ಟಿ ನನ್ನ ಕೈ ನೋಯ್ತಿದೆ. ಇಷ್ಟು ಚೆನ್ನಾಗಿರೋ ಕತೆಗಳಲ್ಲಿ ಒಂದೂ ಯಾಕ್ರೀ ಎಲ್ಲೂ ಅಚ್ಚಾಗಿಲ್ಲ?' ಅಂದರು. ಯಾರೂ ಮಾತಾಡಲಿಲ್ಲ. ಅಂಚೆ ಗೆಳೆಯ ಮಾತ್ರ, 'ಮೇಡಂ, ಯಾರೂ ಕಳಿಸಿಲ್ಲ. ಕಳಿಸಿದ್ರೆ ನನಗೆ ಗೊತ್ತಾಗ್ತಿತ್ತು' ಅಂದ.

ಅವತ್ತೇ ಎರಡು ಕೆಲಸ ಮಾಡಿದೆವು. ಒಂದು, ಖಾತೆ ಪುಸ್ತಕ. ಇನ್ನೊಂದು, ಬರೆದವರು ತಮ್ಮದನ್ನು ತಾವೇ ಓದುವಂತಿಲ್ಲ.

ಎರಡನೆಯದು ಹೇಗೆ ನಡೆಯುತ್ತೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ಇಷ್ಟು ವರ್ಷದಲ್ಲಿ ನಮಗೆ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಕತೆಯ ಪ್ರತಿಯನ್ನು ಅದನ್ನು ಮೊದಲು ನೋಡಿರದ ಒಬ್ಬರ ಕೈಗೆ ಕೊಡುತ್ತೇವೆ. ಅವರು ಗಟ್ಟಿಯಾಗಿ ಓದುತ್ತಾರೆ. ಬರೆದವರ ಕೈಯಲ್ಲಿ ಇನ್ನೊಂದು ಪ್ರತಿ, ಒಂದು ಪೆನ್ಸಿಲ್. ಬಾಯಿ ಬಿಡುವಂತಿಲ್ಲ. ಓದುವವರು ಎಲ್ಲಿ ತಡವರಿಸಿದರೋ ಅಲ್ಲಿ ಒಂದು ಗೆರೆ. ಎಲ್ಲಿ ವಾಕ್ಯವನ್ನು ಎರಡನೇ ಸಲ ಓದಿದರೋ ಅಲ್ಲಿ ಎರಡು ಗೆರೆ. ಕೇಳುವವರಲ್ಲಿ ಯಾರಾದರೂ ಮೊಬೈಲ್ ನೋಡಿದರೆ ಅಲ್ಲೊಂದು ಸೊನ್ನೆ. ಓದಿ ಮುಗಿದ ಮೇಲೆ ಯಾರೂ ಹೆಚ್ಚು ಹೇಳಬೇಕಾಗಿಲ್ಲ. ಪೆನ್ಸಿಲ್ ಗುರುತೇ ಸಾಕು.

ನನ್ನ ಮೊದಲ ಕತೆಯನ್ನು ಟೈಲರ್ ಕವಿಗಳು ಓದಿದರು. ನಾನು ಬಹಳ ಮೆಚ್ಚಿಕೊಂಡು ಬರೆದಿದ್ದ ಒಂದು ವಾಕ್ಯ ಏಳು ಸಾಲು ಇತ್ತು. ಅವರು ಅರ್ಧಕ್ಕೆ ಹೋಗಿ ಉಸಿರು ಕಟ್ಟಿ ನಿಂತರು. ಮತ್ತೆ ಮೊದಲಿಂದ ಶುರು ಮಾಡಿದರು. ಮತ್ತೆ ನಿಂತರು. ಕೊನೆಗೆ ಕನ್ನಡಕ ತೆಗೆದು, 'ಇಲ್ಲಿ ಹೊಲಿಗೆ ಬಿಟ್ಟಿದೆ ಸಾರ್' ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗಿ ಆ ವಾಕ್ಯವನ್ನು ನಾಲ್ಕು ಮಾಡಿದೆ. ಈಗಲೂ ನಮ್ಮಲ್ಲಿ ಉದ್ದ ವಾಕ್ಯಕ್ಕೆ 'ಹೊಲಿಗೆ ಬಿಟ್ಟಿದೆ' ಅಂತಲೇ ಹೇಳೋದು.

ಇನ್ನು ಖಾತೆ ಪುಸ್ತಕ. ಮಯೂರ, ತುಷಾರದಂಥ ಮಾಸಪತ್ರಿಕೆಗಳು, ದಿನಪತ್ರಿಕೆಗಳ ಭಾನುವಾರದ ಪುರವಣಿ, ದೀಪಾವಳಿ ಮತ್ತು ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆ, ಹಸ್ತಪ್ರತಿಗೆ ಬಹುಮಾನ ಕೊಡುವ ಪ್ರಕಾಶನಗಳು, ಎಲ್ಲಿಗೆ ಕಳಿಸಿದರೂ ಅದರಲ್ಲಿ ಬರೆಯಬೇಕು. ಕೂಟ ಶುರುವಾಗುವುದೇ ಅದನ್ನು ಗಟ್ಟಿಯಾಗಿ ಓದುವುದರಿಂದ. ಯಾರದ್ದು ಬಂತು, ಯಾರದ್ದು ವಾಪಸ್ಸಾಯ್ತು, ಯಾರದ್ದು ಸುದ್ದಿಯೇ ಇಲ್ಲ. ಬಂದದ್ದಕ್ಕೆ ಎಷ್ಟು ಹೊತ್ತು ಕೊಡುತ್ತೇವೋ ಬರದಿದ್ದಕ್ಕೂ ಅಷ್ಟೇ ಹೊತ್ತು. ಮೊದಮೊದಲು ವಾಪಸ್ಸು ಬಂದದ್ದನ್ನು ಹೇಳಲು ಎಲ್ಲರಿಗೂ ನಾಚಿಕೆ. ಈಗ ಅದಕ್ಕೂ ಒಂದು ಗತ್ತು ಬಂದಿದೆ. 'ನಂದು ಏಳನೇ ಸಲ ವಾಪಸ್ಸು ಬಂತು' ಅಂತ ಮೇಷ್ಟ್ರು ಹೇಳುವಾಗ ಅವರ ಮೊಮ್ಮಗ ಏಳನೇ ಕ್ಲಾಸು ಪಾಸಾದಷ್ಟೇ ಹೆಮ್ಮೆ.

ಎಷ್ಟೋ ಕಡೆಯಿಂದ ಉತ್ತರವೇ ಬರುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ಬರುವ ರಾಶಿ ಅಷ್ಟಿರುತ್ತೆ. ನಾವು ಮೂರು ತಿಂಗಳು ಕಾಯುತ್ತೇವೆ. ಆಮೇಲೆ ಒಂದು ನೆನಪಿನ ಪತ್ರ. ಹದಿನೈದು ದಿನ ಬಿಟ್ಟು, 'ಹಿಂದಕ್ಕೆ ಪಡೆಯುತ್ತಿದ್ದೇನೆ' ಅಂತ ಒಂದು ಸಾಲು ಬರೆದು, ಬೇರೆ ಕಡೆಗೆ. ಈ ಒಂದು ಸಾಲು ಯಾಕೆ ಬೇಕು ಅನ್ನುವುದನ್ನು ನಾವು ಪೆಟ್ಟು ತಿಂದೇ ಕಲಿತೆವು. ನಮ್ಮ ಕಾಲೇಜು ಹುಡುಗನೊಬ್ಬ ಒಂದೇ ಕತೆಯನ್ನು ಎರಡು ಪತ್ರಿಕೆಗೆ ಕಳಿಸಿ ಮರೆತಿದ್ದ. ಒಂದೇ ಭಾನುವಾರ ಎರಡರಲ್ಲೂ ಬಂತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ನಿಂತು ಅವನು ನನಗೆ ಫೋನ್ ಮಾಡಿದ್ದು ಇನ್ನೂ ನೆನಪಿದೆ. 'ಸಾರ್, ಎರಡರಲ್ಲೂ ಬಂದಿದೆ' ಅಂದ. ನಾನು ಪೆದ್ದನ ಹಾಗೆ 'ಅಭಿನಂದನೆ ಕಣೋ' ಅಂದೆ. ಅವನು ಅಳುತ್ತಿದ್ದ ಅಂತ ಆಮೇಲೆ ಗೊತ್ತಾಯ್ತು. ಎರಡೂ ಕಡೆ ಕ್ಷಮೆ ಕೇಳಿ ಪತ್ರ ಬರೆಸಿದೆವು. ಆದರೂ ಬಹಳ ದಿನ ಅವನ ಹೆಸರು ಎರಡರಲ್ಲೂ ಕಾಣಲಿಲ್ಲ.

2018ರಲ್ಲಿ ಪುಸ್ತಕದ ಹುಚ್ಚು ಹತ್ತಿತು. ಎಲ್ಲರ ಒಂದೊಂದು ಕತೆ ಸೇರಿಸಿ ಒಂದು ಸಂಕಲನ. ಅಷ್ಟೊತ್ತಿಗೆ ಕೂಟದಲ್ಲಿ ಕತೆ ಬರೆಯುವವರು ಹನ್ನೊಂದು ಜನ ಆಗಿದ್ದೆವು.

ಪುಸ್ತಕ ಅಂದರೆ ಫಾರಂ ಲೆಕ್ಕ, ಅಂದರೆ ಅಚ್ಚು ಹಾಕಿ ಮಡಚುವ ದೊಡ್ಡ ಹಾಳೆಗಳ ಲೆಕ್ಕ, ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಸಾಮಾನ್ಯವಾಗಿ ಕತೆ ಪುಸ್ತಕ ಬರುವ ಡೆಮಿ 1/8 ಅಳತೆಯಲ್ಲಿ ಒಂದು ಫಾರಂ ಅಂದರೆ 16 ಪುಟ. ನಮ್ಮ ಕತೆಗಳು, ಮುನ್ನುಡಿ, ಪರಿವಿಡಿ ಎಲ್ಲ ಸೇರಿ 181 ಪುಟ ಆಗಿತ್ತು. ಹನ್ನೊಂದು ಫಾರಂ ಅಂದರೆ 176. ಪ್ರೆಸ್ಸಿನವರು ಪೆನ್ನಿನ ತುದಿಯಲ್ಲಿ ಟೇಬಲ್ ಕುಟ್ಟುತ್ತಾ, 'ಸಾರ್, ಐದು ಪುಟಕ್ಕೋಸ್ಕರ ಇನ್ನೊಂದು ಫಾರಂ ಹಾಕಬೇಕು. ಇಲ್ಲಾ ಐದು ಪುಟ ತೆಗೀರಿ' ಅಂದರು.

ಐದು ಪುಟ ತೆಗೆಯಬೇಕು. ಅದರಲ್ಲೂ ತಮಾಷೆ ನೋಡಿ. ಒಂದು ವರ್ಷದಿಂದ ಮೇಡಂ ಎಲ್ಲರಿಗೂ 'ಇದು ಬೇಡ, ಅದು ಬೇಡ' ಅಂತ ಹೇಳಿ ಸಾಕಾಗಿದ್ದರು. ಯಾರೂ ಒಂದು ಪ್ಯಾರಾ ಬಿಟ್ಟುಕೊಟ್ಟಿರಲಿಲ್ಲ. ಈಗ ಫಾರಂ ಲೆಕ್ಕ ಅಂದ ಕೂಡಲೇ ಎಲ್ಲರೂ ಒಪ್ಪಿದರು. ತಲಾ ಅರ್ಧ ಪುಟ. ಯಾವುದು ತೆಗೆಯೋದು ಅಂತ ನೋಡಿದರೆ ಎಲ್ಲರೂ ಮೇಡಂ ಹಿಂದೆಯೇ ಗುರುತು ಹಾಕಿದ್ದ ಜಾಗಗಳನ್ನೇ ತೆಗೆದಿದ್ದರು. ಸೂರ್ಯೋದಯದ ವರ್ಣನೆಗಳು ಒಟ್ಟು ನಾಲ್ಕು ಹೋದವು.

ಖರ್ಚು ಕೇಳುತ್ತಾರೆ, ಬರೆದುಬಿಡುತ್ತೇನೆ. ಆಗಿನ ದರ ಇದು, ಈಗ ಕಾಗದವೂ ಕೂಲಿಯೂ ಏರಿದೆ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಪುಟಕ್ಕೆ 25 ರೂಪಾಯಿಯಂತೆ 4,400. ಮುಖಪುಟ ಮಾಡಿದ ಹುಡುಗನಿಗೆ 2,000. ಒಳಗೆ 70 ಜಿಎಸ್‌ಎಂ ಕಾಗದ, 500 ಪ್ರತಿ, ಅಚ್ಚು ಮತ್ತು ಬೈಂಡಿಂಗ್ ಸೇರಿ 31,000. ಒಟ್ಟು 37,400. ಹನ್ನೊಂದು ಜನ ತಲಾ 3,400 ಹಾಕಿದೆವು. ಮುಖಬೆಲೆ 150.

ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ದುಡ್ಡು ಕೊಡಬೇಡಿ. ನಮ್ಮ ಹತ್ತಿರ ಒಬ್ಬರು 'ಮಾಡಿಸಿಕೊಡ್ತೀನಿ, ಮೂರು ಸಾವಿರ ಆಗುತ್ತೆ' ಅಂತ ಬಂದಿದ್ದರು. ನಮ್ಮ ದೇಶದಲ್ಲಿ ಅದು ಪುಕ್ಕಟೆ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಕೊಡುತ್ತದೆ, ಅರ್ಜಿ ಆನ್‌ಲೈನ್. ಬರೆದವರೇ ಪ್ರಕಾಶಕರಾದರೂ ಸಿಗುತ್ತದೆ. ಕೊನೇ ಗಳಿಗೆಯಲ್ಲಿ ಹಾಕಬೇಡಿ ಅಷ್ಟೆ. ಇನ್ನೊಂದು ವಿಷಯ, ಇದನ್ನು ದೊಡ್ಡ ದೊಡ್ಡವರೂ ಮರೆಯುತ್ತಾರೆ. 1954ರ ಕಾಯ್ದೆಯ ಪ್ರಕಾರ ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೂ ಪ್ರಕಾಶಕರು ಒಂದೊಂದು ಪ್ರತಿ ಕಳಿಸಬೇಕು. ಅಂಚೆ ಗೆಳೆಯನಿಗೆ ಇದು ಬಹಳ ಇಷ್ಟದ ಕೆಲಸ. ಕೋಲ್ಕತ್ತಕ್ಕೆ ಹೋಗುವ ಕಟ್ಟಿನ ಮೇಲೆ ವಿಳಾಸ ಬರೆಯುವಾಗ ಅವನ ಅಕ್ಷರವೇ ದುಂಡಗಾಗುತ್ತದೆ.

ಈಗ ಕರಡು ತಿದ್ದಿದ ಕತೆ. ನಮ್ಮಲ್ಲಿ ಅರ್ಧ ಜನ 'ನುಡಿ' ತಂತ್ರಾಂಶದಲ್ಲಿ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರು, ಇನ್ನರ್ಧ ಜನ ಮೊಬೈಲಿನಲ್ಲಿ ಯೂನಿಕೋಡ್. ಡಿಟಿಪಿ ಅಂಗಡಿಯಲ್ಲಿ ಎಲ್ಲವನ್ನೂ ಒಂದಕ್ಕೆ ಪರಿವರ್ತಿಸಿದರು. ಅರ್ಕಾವತ್ತು ಇರುವ ಕಡೆಯೆಲ್ಲ ಎಡವಟ್ಟಾಯ್ತು. ವರ್ಷ 'ವಷರ್' ಆಗಿತ್ತು. ಕರ್ನಾಟಕ 'ಕನಾರ್ಟಕ' ಆಗಿತ್ತು. ಇವು ಕಣ್ಣಿಗೆ ಹೊಡೆಯುತ್ತವೆ, ಸಿಕ್ಕಿಬೀಳುತ್ತವೆ. ಕಷ್ಟ ಇರುವುದು ತಪ್ಪಾದರೂ ಸರಿ ಇರುವ ಹಾಗೆ ಕಾಣುವ ಪದಗಳಲ್ಲಿ. ಮೇಷ್ಟ್ರ ಕತೆಯಲ್ಲಿ ಒಬ್ಬ ಗೃಹಿಣಿ ಹಬ್ಬದ ದಿನ ಮನೆಗೆ ಬಂದ ನೆಂಟರಿಗೆಲ್ಲ ನಗುನಗುತ್ತಾ ಬಡಿಸುತ್ತಾಳೆ. ಟೈಪ್ ಮಾಡುವಾಗ ಒಂದು 'ಸಿ' ಬಿಟ್ಟುಹೋಗಿತ್ತು. 'ಬಂದ ನೆಂಟರಿಗೆಲ್ಲ ನಗುನಗುತ್ತಾ ಬಡಿದಳು.' ಮೂರು ಜನ ಕರಡು ನೋಡಿದ್ದೆವು. ಮೂವರ ಕಣ್ಣಿಗೂ ಬೀಳಲಿಲ್ಲ. ಒಬ್ಬರು ಮೂಲ ಹಿಡಿದುಕೊಂಡು, ಇನ್ನೊಬ್ಬರು ಕರಡನ್ನು ಗಟ್ಟಿಯಾಗಿ ಓದಿದಾಗಲೇ ಸಿಕ್ಕಿದ್ದು. ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, 'ಇರಲಿ ಬಿಡ್ರಿ, ಕತೆಗೆ ಒಂದು ತಿರುವು ಸಿಕ್ತು' ಅಂದರು.

ಅವತ್ತಿನಿಂದ ನಮ್ಮ ಕರಡು ಯಾವತ್ತೂ ಇಬ್ಬರದ್ದು. ಒಬ್ಬರು ಓದಬೇಕು, ಒಬ್ಬರು ಹಿಡಿಯಬೇಕು. ಬರೆದವರು ಆ ಇಬ್ಬರಲ್ಲಿ ಇರಬಾರದು. ಬರೆದವರಿಗೆ ತಾವು ಬರೆದದ್ದು ಕಾಣುವುದಿಲ್ಲ, ಬರೆಯಬೇಕು ಅಂದುಕೊಂಡದ್ದೇ ಕಾಣುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಬೈಂಡಿಂಗಿನಲ್ಲಿ ಪೆಟ್ಟು ಬಿತ್ತು. ಮೂವತ್ತೆರಡು ಪ್ರತಿಗಳಲ್ಲಿ 33ರಿಂದ 48ನೇ ಪುಟದವರೆಗೆ ಎರಡು ಸಲ ಇತ್ತು, 49ರಿಂದ 64 ಇರಲೇ ಇಲ್ಲ. ಆ ಹದಿನಾರು ಪುಟ ಪೂರ್ತಿ ನನ್ನ ಕತೆಯದ್ದು. ಇದು ಗೊತ್ತಾದದ್ದು ಬಿಡುಗಡೆಯಾದ ಮೇಲೆ, ಒಬ್ಬರು ಬಂದು 'ನಿಮ್ಮ ಕತೆ ಅಂತ ಪರಿವಿಡಿಯಲ್ಲಿದೆ, ಒಳಗೆ ಇಲ್ವಲ್ಲ' ಅಂದಾಗ. ಈಗ ಪ್ರೆಸ್ಸಿನಿಂದ ಕಟ್ಟು ಬಂದ ದಿನ ನಾವೆಲ್ಲ ನೆಲದ ಮೇಲೆ ಕೂತು ಒಂದೊಂದೇ ಪ್ರತಿ ಬಿಚ್ಚಿ ಫಾರಂ ಎಣಿಸುತ್ತೇವೆ. ಅರ್ಧ ದಿನದ ಕೆಲಸ. ಹೊಸ ಪುಸ್ತಕದ ಅಂಟಿನ ವಾಸನೆಯಲ್ಲಿ ಮಾತಾಡಿಕೊಂಡು ಕೂರುವುದೂ ಒಂದು ಕೂಟವೇ.

ಬಿಡುಗಡೆ ಸಮಾರಂಭ. ಏನು ಹೇಳಲಿ. ವೇದಿಕೆ ಮೇಲೆ ಒಂಬತ್ತು ಕುರ್ಚಿ, ಹಾರ, ಶಾಲು, ಫಲತಾಂಬೂಲ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ಬಣ್ಣದ ಕಾಗದ ಬಿಚ್ಚಿ ಎಲ್ಲರೂ ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೋ. ಮುಖ್ಯ ಅತಿಥಿಗಳು ಐವತ್ತು ನಿಮಿಷ ಮಾತಾಡಿದರು, ಪುಸ್ತಕದ ಹೆಸರು ಎರಡು ಸಲ ಬಂತು, ಒಂದು ಸಲ ತಪ್ಪಾಗಿ. ಸಭಾಂಗಣದ ಬಾಡಿಗೆ, ಮೈಕು, ಹಾರ, ಚಿತ್ರಾನ್ನ ಎಲ್ಲ ಸೇರಿ 11,600 ರೂಪಾಯಿ. ಅವತ್ತು ಮಾರಾಟವಾದದ್ದು 41 ಪ್ರತಿ. ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬ್ಯಾಂಕಿನವನಲ್ವಾ.

ಈಗ ವೇದಿಕೆ ಇಲ್ಲ. ಮಹಡಿ ಮೇಲೆಯೋ, ಯಾವುದಾದರೂ ಶಾಲೆಯ ಕೋಣೆಯಲ್ಲಿಯೋ ಸುತ್ತ ಕೂರುತ್ತೇವೆ. ಕೂಟಕ್ಕೆ ಸೇರದ ಇಬ್ಬರಿಗೆ ಇಪ್ಪತ್ತು ದಿನ ಮುಂಚೆ ಪ್ರತಿ ಕೊಟ್ಟಿರುತ್ತೇವೆ. ಅವರು ತಲಾ ಹದಿನೈದು ನಿಮಿಷ ಮಾತಾಡಬೇಕು. ಓದಿರದಿದ್ದರೆ ಬರುವುದೇ ಬೇಡ ಅಂತ ಮೊದಲೇ ಹೇಳಿರುತ್ತೇವೆ. ಬೇರೊಬ್ಬರು ಎರಡು ಪುಟ ಓದುತ್ತಾರೆ. ಹಾರದ ಬದಲು ಬಂದವರೆಲ್ಲ ಒಂದೊಂದು ಪ್ರತಿ ಕೊಳ್ಳಬೇಕು ಅಂತ ಕರೆಯೋಲೆಯಲ್ಲೇ ಬರೆಯುತ್ತೇವೆ. ಕೆಲವರಿಗೆ ಇದು ಒರಟು ಅನ್ನಿಸಿದೆ. ಆದರೆ ಕಳೆದ ಸಲ ಐವತ್ತೆರಡು ಜನ ಬಂದಿದ್ದರು, ನಲವತ್ತೊಂಬತ್ತು ಪ್ರತಿ ಹೋದವು. ಉಳಿದ ಮೂವರು ಸ್ವಂತ ಮಕ್ಕಳು.

ಅಂಗಡಿಗೆ ಕೊಟ್ಟರೆ ಮುಖಬೆಲೆಯಲ್ಲಿ ನೂರಕ್ಕೆ ನಲವತ್ತು ಬಿಡಬೇಕು, ದುಡ್ಡು ಬರುವುದು ಅವರ ಪುರುಸೊತ್ತಿಗೆ. ಗ್ರಂಥಾಲಯ ಇಲಾಖೆಯ ಖರೀದಿಗೂ ಅರ್ಜಿ ಹಾಕುತ್ತೇವೆ. ಆಯ್ಕೆಯಾದರೆ ಒಳ್ಳೆಯದು, ಅದನ್ನೇ ಲೆಕ್ಕ ಹಿಡಿದು ಪ್ರತಿಗಳ ಸಂಖ್ಯೆ ಏರಿಸಬೇಡಿ. ನಮ್ಮ ಪುಸ್ತಕಗಳು ಹೆಚ್ಚು ಹೋದದ್ದು ಅಂಚೆಯಲ್ಲೇ. ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು. 2024ರ ಡಿಸೆಂಬರಿನಲ್ಲಿ ಅದು ನಿಂತಿತು. ಗೆಳೆಯ ಮನೆಯಲ್ಲಿ ಸಾವಾದವನಂತೆ ಬಂದು ಸುದ್ದಿ ಹೇಳಿದ. ಮುಂದಿನ ಮೇ 1ರಿಂದ ಜ್ಞಾನ್ ಪೋಸ್ಟ್ ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗೆ 100, ಜೊತೆಗೆ ತೆರಿಗೆ. ನಮ್ಮ ಹನ್ನೊಂದು ಫಾರಂ ಪುಸ್ತಕ ಕಟ್ಟಿದ ಮೇಲೂ 300 ಗ್ರಾಂ ದಾಟುವುದಿಲ್ಲ. ಈಗ ಅವನು ಹಸ್ತಪ್ರತಿ ನೋಡುವಾಗಲೇ, 'ಇದು 300 ಗ್ರಾಂ ಮೀರುತ್ತೆ, ಕಡಿಮೆ ಮಾಡಿ' ಅನ್ನುತ್ತಾನೆ. ಫಾರಂ ಲೆಕ್ಕದ ಮೇಲೆ ಇದೊಂದು ಹೊಸ ಸಂಪಾದಕೀಯ ನೀತಿ.

ಎರಡನೇ ಪುಸ್ತಕಕ್ಕೆ ಕೈಯಿಂದ ದುಡ್ಡು ಹಾಕಲು ಯಾರೂ ತಯಾರಿರಲಿಲ್ಲ. ಆಗ ಟೈಲರ್ ಕವಿಗಳು, 'ಚೀಟಿ ಥರ ಮಾಡೋಣ' ಅಂದರು. 2019ರಿಂದ ಹದಿನೈದು ಜನ ತಿಂಗಳಿಗೆ 300 ಹಾಕುತ್ತೇವೆ. ವರ್ಷಕ್ಕೆ 54,000. ಚೀಟಿ ಎತ್ತುವುದಿಲ್ಲ, ಹರಾಜೂ ಇಲ್ಲ. ಯಾರ ಹಸ್ತಪ್ರತಿ ಸಿದ್ಧವಿದೆಯೋ ಅವರ ಪುಸ್ತಕ. ಸಿದ್ಧವಾಗಿದೆ ಅಂತ ಹೇಳಬೇಕಾದವರು ಇಬ್ಬರು, ಪ್ರತಿ ಸಲ ಬೇರೆ ಬೇರೆಯವರು. ಪೂರ್ತಿ ಎರಡು ಸಲ ಓದಿ, ಬರೆದು ಕೊಡಬೇಕು. ಮಾರಿ ಬಂದ ದುಡ್ಡಿನಲ್ಲಿ ಅಸಲು ಮತ್ತೆ ಚೀಟಿಗೆ, ಉಳಿದದ್ದು ಬರೆದವರಿಗೆ. ಇಷ್ಟು ವರ್ಷಕ್ಕೆ ಐದು ಪುಸ್ತಕ. ಎರಡರಲ್ಲಿ ಅಸಲು ಹುಟ್ಟಿಲ್ಲ. ಅವೆರಡೂ ಕವನ ಸಂಕಲನ ಅಂತ ಹೇಳಿದರೆ ಟೈಲರ್ ಕವಿಗಳಿಗೆ ಬೇಜಾರಾಗುತ್ತೆ, ಆದರೂ ಹೇಳಬೇಕು.

ಜಗಳ ಆದದ್ದು ಇಲ್ಲೇ. ಕೂಟದ ಹಿರಿಯರೊಬ್ಬರು ಒಂದು ಹಸ್ತಪ್ರತಿ ಕೊಟ್ಟರು. ಓದುವ ಸರದಿ ನನ್ನದು ಮತ್ತು ಒಬ್ಬ ಹುಡುಗಿಯದು. ಇಬ್ಬರೂ ಬೇರೆ ಬೇರೆ ಕೂತು ಓದಿ, ಇನ್ನೂ ಆಗಿಲ್ಲ ಅಂತಲೇ ಬರೆದೆವು. ಅವರು ನನಗೆ ಏನೂ ಅನ್ನಲಿಲ್ಲ. ಆ ಹುಡುಗಿಗೆ 'ನಿನ್ನ ವಯಸ್ಸಿಗಿಂತ ನನ್ನ ಕವಿತೆಗೆ ವಯಸ್ಸಾಗಿದೆ' ಅಂದರು. ಹಾಕಿದ ಚೀಟಿ ದುಡ್ಡು ವಾಪಸ್ಸು ತೆಗೆದುಕೊಂಡು ಹೋದರು. ಆರು ತಿಂಗಳಿಗೆ ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸಿ, ನಮಗೆಲ್ಲ ಕರೆಯೋಲೆ ಕಳಿಸಿದರು. ಹೋದೆವು. ಎಲ್ಲರೂ ಪ್ರತಿ ಕೊಂಡೆವು. ಅವರು ಮತ್ತೆ ಕೂಟಕ್ಕೆ ಬಂದಿಲ್ಲ. ನಾವು ಬರೆದು ಕೊಟ್ಟದ್ದು ಸರಿ ಅಂತಲೇ ಇವತ್ತಿಗೂ ನನ್ನ ಅಭಿಪ್ರಾಯ. ಆದರೆ ಕಾಗದದಲ್ಲಿ ಬರೆದು ಕೊಡುವ ಮುಂಚೆ ಅವರ ಮನೆಗೆ ಹೋಗಿ ಎದುರು ಕೂತು ಹೇಳಬೇಕಿತ್ತು. ಈಗ ಹಾಗೇ ಮಾಡುತ್ತೇವೆ.

ಆ ಹುಡುಗಿ ಸಕಲೇಶಪುರದ ಕಡೆಯವಳು. ಕಾಫಿ ತೋಟವೊಂದರ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾಳೆ. ಆ ಕಡೆ ಆನೆ ಕಾಟ ಎಲ್ಲರಿಗೂ ಗೊತ್ತಿರುವುದೇ. ಬೆಳಗಿನ ಮಬ್ಬಿನಲ್ಲಿ ತೋಟಕ್ಕೆ ಕೆಲಸಕ್ಕೆ ಹೋಗುವ ನಾಲ್ಕು ಹೆಂಗಸರು ದಾರಿಯಲ್ಲಿ ನಿಂತು, ಬಿದಿರು ಮುರಿಯುವ ಸದ್ದಿಗೆ ಕಿವಿಗೊಡುವ ಕತೆ ಬರೆದಳು. ಖಾತೆ ಪುಸ್ತಕದಲ್ಲಿ ಅದರ ಜಾಡು ಹಾಗೇ ಇದೆ. 2019ರ ಮಾರ್ಚಿನಲ್ಲಿ ಮೊದಲು ಕಳಿಸಿದ್ದು. ಮೂರು ಕಡೆ ಸುದ್ದಿ ಇಲ್ಲ. ನಾಲ್ಕನೇ ಸಲಕ್ಕೆ ಮುಂಚೆ ಮೇಡಂ ಮೊದಲ ಮೂರು ಪ್ಯಾರಾ ತೆಗೆಸಿದರು. ತೋಟದ ವರ್ಣನೆ, ಮಂಜು, ಹಕ್ಕಿ. ಕತೆ 'ಯಾರೂ ಕೆಮ್ಮಬೇಡ್ರೇ' ಅನ್ನುವ ಮಾತಿನಿಂದ ಶುರುವಾಯ್ತು. ಆಮೇಲೆ ಎರಡು ಕಡೆ 'ಪರಿಶೀಲಿಸಿದ್ದೇವೆ, ಬಳಸಲಾಗುತ್ತಿಲ್ಲ' ಅಂತ ಉತ್ತರ. ಉತ್ತರ ಬಂತಲ್ಲ, ಅದೇ ಬಡ್ತಿ. ಒಟ್ಟು ಒಂಬತ್ತು ಸಲ ಹೋಗಿ, ಹತ್ತನೇ ಸಲ ಒಂದು ದೀಪಾವಳಿ ಸ್ಪರ್ಧೆಯಲ್ಲಿ ಬಹುಮಾನ ಬಂತು. ಆಮೇಲೆ ಅವಳ ಮೊದಲ ಸಂಕಲನಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನವೂ ಸಿಕ್ಕಿತು. ನಮ್ಮ ಚೀಟಿ ದುಡ್ಡು ಅವಳಿಗೆ ಬೇಕಾಗಲೇ ಇಲ್ಲ. ಆ ವರ್ಷದ ಸರದಿ ಮೇಷ್ಟ್ರಿಗೆ ಹೋಯ್ತು.

ವರ್ಷಕ್ಕೊಮ್ಮೆ ಹೊರಗೆ ಹೋಗುವ ರೂಢಿಯೂ ಇದೆ. 2020ರ ಫೆಬ್ರವರಿಯಲ್ಲಿ ಹಲ್ಮಿಡಿಗೆ ಹೋಗಿದ್ದೆವು. ಬೇಲೂರು ತಾಲ್ಲೂಕಿನ ಊರು, ನಮಗೆ ಹತ್ತಿರ. ಸುಮಾರು ಕ್ರಿ.ಶ. 450ರದು ಅನ್ನುವ ಶಾಸನ ಸಿಕ್ಕ ಊರು. ಅಸಲಿ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿರುವುದು ಅದರ ಪ್ರತಿಕೃತಿ. ಎಲ್ಲರೂ ಗಂಭೀರವಾಗಿ ನಿಂತು ನೋಡುತ್ತಿದ್ದೆವು. ಮೇಷ್ಟ್ರು ಬೆರಳಿಟ್ಟು ಸಾಲು ಎಣಿಸಿದರು. ಹದಿನಾರು. 'ನೋಡ್ರಿ, ಅವಾಗಲೇ ಫಾರಂ ಲೆಕ್ಕ ಇತ್ತು' ಅಂದರು. ಅಲ್ಲೇ ಜಗುಲಿಯ ಮೇಲೆ ಕೂತು ಅಕ್ಕಿ ರೊಟ್ಟಿ ತಿಂದು ಎರಡು ಕತೆ ಓದಿದೆವು. ಮುಂದಿನ ತಿಂಗಳು ಲಾಕ್‌ಡೌನ್ ಬಂತು. ಒಂದು ವರ್ಷ ಕೂಟ ಫೋನಿನಲ್ಲೇ ನಡೆಯಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, 'ಕೇಳಿಸ್ತಿದೆಯಾ' ಅನ್ನುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು.

2025ರ ಮೇ 20ರ ರಾತ್ರಿ, ನಮ್ಮ ಲೆಕ್ಕದಲ್ಲಿ 21ರ ಬೆಳಗಿನ ಜಾವ, ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಹನ್ನೆರಡು ಕತೆಗಳು, ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಕನ್ನಡಕ್ಕೆ ಮೊದಲ ಸಲ, ಸಣ್ಣ ಕತೆಗಳ ಸಂಕಲನವೊಂದಕ್ಕೂ ಮೊದಲ ಸಲ. 50,000 ಪೌಂಡಿನ ಬಹುಮಾನ ಇಬ್ಬರಿಗೂ ಸಮಪಾಲು. ಮೇಷ್ಟ್ರು ಬೆಳಿಗ್ಗೆ ಐದೂವರೆಗೆ ಫೋನ್ ಮಾಡಿ ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ 'ಸಣ್ಣ ಕತೆಗೆ ಕಣ್ರೀ' ಅಂದರು. ಮದುವೆ ಮನೆಗಳಲ್ಲಿ ಹತ್ತಾರು ವರ್ಷ 'ಕಾದಂಬರಿ ಬರೆಯಲ್ವಾ' ಅಂತ ಕೇಳಿಸಿಕೊಂಡವರಿಗೆ ಮಾತ್ರ ಅದರ ರುಚಿ ಗೊತ್ತು.

ಜೂನ್ 8ರ ಕೂಟಕ್ಕೆ ನಲವತ್ತಮೂರು ಜನ ಬಂದರು. ಚಾಪೆ ಸಾಲದೆ ಮೆಟ್ಟಿಲ ಮೇಲೆಲ್ಲ ಕೂತರು. ಎಲ್ಲರದೂ ಒಂದೇ ಪ್ರಶ್ನೆ, ಇಂಗ್ಲಿಷಿಗೆ ಅನುವಾದ ಮಾಡಿಸೋದು ಹೇಗೆ. ಸಕಲೇಶಪುರದ ಹುಡುಗಿ ಮೆತ್ತಗೆ, 'ಆ ಕತೆಗಳು ಮೂವತ್ತು ವರ್ಷದಲ್ಲಿ ಬರೆದವು. ಕನ್ನಡದಲ್ಲಿ ಓದಿದೀರಾ?' ಅಂದಳು. ಒಂಬತ್ತು ಕೈ ಮೇಲೆದ್ದವು. ಜುಲೈನಲ್ಲಿ ಹತ್ತೊಂಬತ್ತು ಜನ ಬಂದರು, ಅಕ್ಟೋಬರಿನಲ್ಲಿ ಹದಿನಾಲ್ಕು. ಹೊಸಬರಲ್ಲಿ ಉಳಿದದ್ದು ಮೂವರು. ಮೂವರೂ ಖಾತೆ ಪುಸ್ತಕದಲ್ಲಿ ಹೆಸರು ಬರೆಸಿದ್ದಾರೆ, ಅವರಲ್ಲಿ ಒಬ್ಬರಿಗೆ ಆಗಲೇ ಎರಡು ವಾಪಸ್ಸು.

ಮೊದಲ ಖಾತೆ ಪುಸ್ತಕ ತುಂಬಿ, ಈಗ ಎರಡನೆಯದು ನಡೀತಿದೆ. ತುಂಬಿದ್ದನ್ನು ಕೂಡಿಸಿ ನೋಡಿದೆ: ಕಳಿಸಿದ್ದು 412, ಅಚ್ಚಾದದ್ದು 96. ನನ್ನವು ಹದಿನೇಳು. ಈ ವರ್ಷದ ಚೀಟಿಗೆ ನಾನೂ ಹಸ್ತಪ್ರತಿ ಕೊಟ್ಟಿದ್ದೇನೆ, ಹತ್ತು ಕತೆ, ಒಂಬತ್ತು ಫಾರಂಗೆ ಸರಿಯಾಗಿ ಕೂರುವಂತೆ. ಓದುವ ಸರದಿ ಮೇಡಂ ಮತ್ತು ಸಕಲೇಶಪುರದ ಹುಡುಗಿಯದು. ಕೊಟ್ಟು ಹದಿನೆಂಟು ದಿನ ಆಯ್ತು. ನಿನ್ನೆ ಸಂಜೆ ಮೇಡಂ ಫೋನ್ ಮಾಡಿ, 'ಭಾನುವಾರ ಬೆಳಿಗ್ಗೆ ಮನೇಲಿ ಇರ್ತೀರಾ? ನಾವಿಬ್ಬರೂ ಬರ್ತೀವಿ, ಎದುರಿಗೇ ಕೂತು ಮಾತಾಡಬೇಕು' ಅಂದರು.